ಟೀಟಾ ನೆನಾ ಸುತ್ತಿ ಹೋಗುತ್ತಿದ್ದ ದಾರಿ

ಇವತ್ತು ಬೆಳಿಗ್ಗೆ ಎದುರು ಮನೆಯಿಂದ ಸಾಬೂನಿನ ವಾಸನೆ ಬರುತ್ತಿತ್ತು. ಇಷ್ಟು ವರ್ಷ ಆ ಬಾಗಿಲ ಸಂದಿಯಿಂದ ಬರುತ್ತಿದ್ದದ್ದು ಬೆಳ್ಳುಳ್ಳಿ, ವಿನೆಗರ್ ವಾಸನೆ. ಈ ಪರದೇಶದ ಊರು ಸುಂಡ್‌ಬೀಬರ್ಯ್‌ನ ನಮ್ಮ ಬಾಡಿಗೆ ಮನೆಗಳಲ್ಲಿ ಬಾಗಿಲಿಗೆ ಬಾಗಿಲು ಎದುರು. ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ಆ ಮನೆಯ ಟೀಟಾ ನೆನಾ ತೀರಿಕೊಂಡು ಕೆಲವು ವಾರಗಳಾದವು. ಈ ದೇಶದಲ್ಲಿ ಮಣ್ಣು ಮಾಡುವುದಕ್ಕೂ ಸರದಿ ಬರಬೇಕು. ಅಷ್ಟರಲ್ಲಿ ಅವರ ತಂಗಿಯ ಮಗಳು ಮಾರಿಯಾ ಮನೆ ಖಾಲಿ ಮಾಡಿಸಿ, ನೆಲ ತೊಳೆಸಿಬಿಟ್ಟಿದ್ದಳು. ಅಂತ್ಯಕ್ರಿಯೆ ಇವತ್ತು ಮಧ್ಯಾಹ್ನವಿತ್ತು.

ಟೀಟಾ ಎಂದರೆ ಫಿಲಿಪೀನ್ಸ್‌ನವರಲ್ಲಿ ಚಿಕ್ಕಮ್ಮ. ಹಾಗೆ ಕರೆಯಲು ಶುರುಮಾಡಿದವಳು ನನ್ನ ಹೆಂಡತಿ ಸುಮಾ. ಆ ಮನೆಯಿಂದ ಬಾಳೆಲೆಯಲ್ಲಿ ಬೇಯಿಸಿದ ಅಂಟಕ್ಕಿಯ ಕಡುಬು ಬಂದರೆ ಈ ಮನೆಯಿಂದ ಕಾಯಿ ಕಡುಬು ಹೋಗುತ್ತಿತ್ತು. ಯಾವುದು ಯಾರದೆಂದು ತಪ್ಪಾಗಿ ಹೇಳಿ ಇಬ್ಬರಿಂದಲೂ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಬಿಪಿಗೆಂದು ಟೀಟಾ ಅಡುಗೆಗೆ ಉಪ್ಪನ್ನೇ ಹಾಕುತ್ತಿರಲಿಲ್ಲ. ಸುಮಾ ಅದನ್ನು ಮುಖಕ್ಕೇ ಹೇಳುತ್ತಿದ್ದಳು.

ಸುಮಾ ಹೋದಾಗ ಪಕ್ಕದ ಊರು ಸೋಲ್ನಾದಿಂದ ಕನ್ನಡದ ಗೆಳೆಯರು ಬಂದಿದ್ದರು. ಸಾವಿನ ಮನೆಯಲ್ಲಿ "ಹೋಗಿ ಬರ್ತೀವಿ" ಅನ್ನಬಾರದಲ್ಲ? ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಬೂಟಿನ ದಾರ ಕಟ್ಟುತ್ತಾ "ಓಕೆ, ಟೇಕ್ ಕೇರ್" ಅಂದು ಹೊರಟರು. ಮತ್ತೆ ಬರಲಿಲ್ಲ. ದೂರುತ್ತಿಲ್ಲ, ಎಲ್ಲರಿಗೂ ದಾಗಿಸ್‌ನಿಂದ, ಅಂದರೆ ಇಲ್ಲಿನ ಶಿಶುವಿಹಾರದಿಂದ, ಮಕ್ಕಳನ್ನು ಕರೆತರುವ ಹೊತ್ತು ಇರುತ್ತದೆ.

ಟೀಟಾ ಮಾತ್ರ ಒಂಬತ್ತು ದಿನವೂ ಸಂಜೆ ಬಂದರು. ಅದು ಅವರ ಪದ್ಧತಿ. ಸುಮಾಳ ಫೋಟೋದ ಮುಂದೆ ಕೂತು ಜಪಮಣಿ ಹಿಡಿದು ಪ್ರಾರ್ಥಿಸುವುದು. ಪಕ್ಕದಲ್ಲೇ ನಮ್ಮ ಗಣಪತಿ.

"ಇವನಿಗೆ ಬೇಜಾರಾಗಲ್ವಾ?" ಎಂದು ಮೊದಲ ದಿನ ಕೇಳಿದರು.

"ಇಲ್ಲ ಟೀಟಾ. ಸೂತಕ ಅಂತ ಅವನನ್ನೂ ಯಾರೂ ಮಾತಾಡಿಸ್ತಿಲ್ಲ."

ಪ್ರಾರ್ಥನೆ ಮುಗಿಸಿ ಕೋಟು ತೊಟ್ಟು, ಎದುರಿಗಿದ್ದ ತಮ್ಮ ಬಾಗಿಲು ಬಿಟ್ಟು ಲಿಫ್ಟಿನಲ್ಲಿ ಕೆಳಗೆ ಹೋಗುತ್ತಿದ್ದರು. ಬಹಳ ಹೊತ್ತಾದ ಮೇಲೆ ವಾಪಸು. ಗುಟ್ಟಾಗಿ ಸಿಗರೇಟು ಸೇದಲು ಹೋಗುತ್ತಾರೆಂದು ನಾನು ತೀರ್ಮಾನಿಸಿದ್ದೆ. ಹಿಮ ಬೀಳುತ್ತಿದ್ದ ಒಂದು ಸಂಜೆ ತಡೆಯಲಾರದೆ, "ಇಲ್ಲೇ ಸೇದಿ ಟೀಟಾ, ಯಾರಿಗೂ ಹೇಳಲ್ಲ" ಅಂದೆ.

ನಕ್ಕರು. "ಅಯ್ಯೋ ಮಗು, ಸಾವಿನ ಮನೆಯಿಂದ ನಾವು ನೆಟ್ಟಗೆ ಮನೆಗೆ ಹೋಗಲ್ಲ. ಹೋದ್ರೆ ಸತ್ತವರು ಹಿಂದೇನೇ ಬರ್ತಾರೆ. ಎಲ್ಲಾದ್ರೂ ಸ್ವಲ್ಪ ನಿಂತು, ಕೊಡವಿಕೊಂಡು ಹೋಗ್ಬೇಕು. ನಾನು ಸ್ಟೇಷನ್ ಹತ್ರ ಕಾಫಿ ಕುಡೀತೀನಿ."

"ಸುಮಾ ಬಂದ್ರೆ ನಿಮಗೇನು ಮಾಡ್ತಾಳೆ?"

"ಉಪ್ಪಿಲ್ಲ ಅಂತಾಳೆ."

ನಾವು ಸ್ನಾನ ಮಾಡಿ ಕಳೆದುಕೊಳ್ಳುವುದನ್ನು ಅವರು ಕಾಫಿ ಕುಡಿದು ಕಳೆದುಕೊಳ್ಳುತ್ತಾರೆ, ಅಷ್ಟೇ.

ಒಂಬತ್ತನೆಯ ಸಂಜೆ ಕೋಟು ತೊಡಲಿಲ್ಲ, ತೋಳಿನ ಮೇಲೆ ಹಾಕಿಕೊಂಡರು. ನೇರ ತಮ್ಮ ಬಾಗಿಲಿಗೇ ಹೋಗಿ ಬೀಗ ತೆಗೆದರು.

"ಕಾಫಿ?" ಅಂದೆ.

"ಬೇಡ. ಬರೋದಾದ್ರೆ ಬರಲಿ. ನನ್ನ ಮನೇಲಿ ಮಾತಿಗಾದ್ರೂ ಯಾರಿದ್ದಾರೆ?"

ಅವರ ಬಾಗಿಲು ಸ್ವಲ್ಪ ಹೊತ್ತು ತೆರೆದೇ ಇತ್ತು. ನನ್ನದೂ.

ಸುಮಾ ಆ ಮನೆಯಲ್ಲಿದ್ದಾಳೆಂದು ನಾನು ನಂಬಿದೆನೇ? ಹೇಳಲಾರೆ. ಆದರೆ ಈರುಳ್ಳಿ ಕೇಳುವ ನೆಪದಲ್ಲಿ ಆಗಾಗ ಹೋಗುತ್ತಿದ್ದೆ. ಮನೆಯಲ್ಲಿ ಈರುಳ್ಳಿ ಮೊಳಕೆ ಬಂದು ಕೂತಿರುತ್ತಿತ್ತು. "ಇವತ್ತು ಏನಂದ್ಲು?" ಎಂದು ಕೇಳಿದರೆ, "ನೀನು ಸೊರಗಿದೀಯ ಅಂದ್ಲು" ಎಂದು ತಟ್ಟೆ ಮುಂದಿಡುತ್ತಿದ್ದರು. ಈಗ ಆ ಮನೆಯ ನೆಲವನ್ನೂ ತೊಳೆದಾಗಿದೆ. ಒಬ್ಬರನ್ನು ಕಳೆದುಕೊಂಡವನು ಇಬ್ಬರನ್ನು ಕಳೆದುಕೊಂಡಂತೆ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಎಲ್ಲ ಮುಗಿದ ಮೇಲೆ ಅವರ ಕಡೆಯವರೆಲ್ಲ ಕಾಫಿ ಅಂಗಡಿಯತ್ತ ಹೊರಟರು. ಮಾರಿಯಾ ನನ್ನ ತೋಳು ಹಿಡಿದಳು.

"ಬನ್ನಿ ಅಂಕಲ್. ನೇರ ಮನೆಗೆ ಹೋಗ್ಬಾರದು. ಗೊತ್ತಲ್ಲ?"

"ಗೊತ್ತಮ್ಮ" ಅಂದೆ.

ರೈಲು ಹಿಡಿದು ನೆಟ್ಟಗೆ ಮನೆಗೆ ಬಂದೆ. ಹಾಲು ಮುಗಿದಿತ್ತು, ಆದರೂ ಅಂಗಡಿಯ ಬಳಿ ನಿಲ್ಲಲಿಲ್ಲ. ಕೋಟು ತೆಗೆದು ತೂಗುಹಾಕುವವರೆಗೂ ಬಾಗಿಲನ್ನು ಹಾಗೇ ಬಿಟ್ಟಿದ್ದೆ.

ಈಗ ಒಲೆಯ ಮೇಲೆ ಸಾರು ಕುದಿಯುತ್ತಿದೆ. ಉಪ್ಪು ಇನ್ನೂ ಹಾಕಿಲ್ಲ. ಹಾಕು ಎಂದು ಒಬ್ಬರು, ಬೇಡ ಎಂದು ಇನ್ನೊಬ್ಬರು ಹೇಳಲಿ; ಕಾಯುತ್ತೇನೆ.