ಬೆರಳಿಗೆ ತಿಳಿಯುವ ಹಣ

ಹಳೆಯ ಮಾರುಕಟ್ಟೆಯ ಹಿಂಬದಿಯ ಸಾಲಿನಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದ ಹೆಂಗಸನ್ನು ಎಲ್ಲರೂ ಬೆತ್ತದಕ್ಕ ಎಂದೇ ಕರೆಯುತ್ತಿದ್ದರು. ಒಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಹದಿನೇಳಕ್ಕೆ ಬೆತ್ತ ಹಿಡಿದವಳು ಐವತ್ತು ದಾಟಿದರೂ ಬಿಟ್ಟಿರಲಿಲ್ಲ. ನೀರಿನಲ್ಲಿ ನೆನೆಸಿದ ಬೆತ್ತ ಹದಕ್ಕೆ ಬಂದಿದೆಯೇ ಎಂದು ಉಗುರಿನಿಂದ ಒತ್ತಿ ಹೇಳುತ್ತಿದ್ದಳು. ಕೈಗೆ ಬಂದ ನೋಟು ಎಷ್ಟರದೆಂದು ಅದರ ಉದ್ದ ಅಳೆದು, ಅಂಚಿನ ಉಬ್ಬುಗೆರೆ ಸವರಿ ಹೇಳುತ್ತಿದ್ದಳು. “ಖೋಟಾ ನೋಟು ನನಗೆ ದಾಟಿಸಬಹುದು, ಬೆತ್ತದಕ್ಕನಿಗೆ ಆಗಲ್ಲ” ಎಂದು ಪಕ್ಕದ ಬೀಗದ ಅಂಗಡಿಯವನು ಗಿರಾಕಿಗಳಿಗೆ ಹೇಳಿ ನಗುತ್ತಿದ್ದ.

ಆ ವರ್ಷ ದೇಶದ ದೊಡ್ಡ ಬ್ಯಾಂಕು ಫೋನಿನಲ್ಲೇ ಇರುವ ಹೊಸ ಹಣವನ್ನು ಹೊರತಂದಿತು. ಇನ್ನು ಮೂರು ತಿಂಗಳಾದ ಮೇಲೆ ಇಲ್ಲಿ ನೋಟು ನಡೆಯುವುದಿಲ್ಲವೆಂದು ಮಾರುಕಟ್ಟೆಯ ಸಮಿತಿ ಗೋಡೆಗೆ ಕಾಗದ ಅಂಟಿಸಿತು. ಬಸ್ಸು ಓಡಿಸುವ ತಮ್ಮ ಅಕ್ಕನಿಗೊಂದು ಫೋನು ತಂದುಕೊಟ್ಟ. ಯಾರಾದರೂ ಹಣ ಹಾಕಿದರೆ ಅದು “ಹಣ ಬಂದಿದೆ” ಎಂದು ಗಟ್ಟಿಯಾಗಿ ಹೇಳುತ್ತಿತ್ತು.

ಎರಡು ವಾರ ಕಳೆದಿರಬೇಕು. ಒಬ್ಬ ಗಿರಾಕಿ ಬಂದು, ಹೆಣೆದು ಮುಗಿಸಿದ್ದ ಆರು ಕುರ್ಚಿಗಳನ್ನು ಗಾಡಿಗೆ ಹೇರಿಸಿದ. “ಹಣ ಬಂದಿದೆ” ಎಂಬ ದನಿ ಕೇಳಿಸಿತು. ಸಂಜೆ ತಮ್ಮ ಬಂದು ನೋಡಿದರೆ ಬಿಡಿಗಾಸೂ ಬಂದಿರಲಿಲ್ಲ. ಆ ದನಿಯನ್ನು ಮೊದಲೇ ಹಿಡಿದಿಟ್ಟುಕೊಂಡಿದ್ದ ಗಿರಾಕಿ ತನ್ನದೇ ಫೋನಿನಿಂದ ಅದನ್ನು ಕೇಳಿಸಿ ಹೋಗಿದ್ದ.

“ಹೋಗ್ಲಿ ಬಿಡಕ್ಕ. ಇನ್ಮೇಲೆ ದುಡ್ಡಿನ ವ್ಯವಹಾರ ನಾನು ನೋಡ್ಕೋತೀನಿ. ನೀನು ಹೆಣೀತಾ ಇರು, ಸಾಕು” ಎಂದ ತಮ್ಮ.

ಅವನ ಮಾತಿನಲ್ಲಿ ಇದ್ದದ್ದು ಪ್ರೀತಿಯೇ. ಆದರೂ ಅದು ಮೋಸಕ್ಕಿಂತ ಹೆಚ್ಚು ನಾಟಿತು. ಅವಳು ಹೇಳಿದಳು: “ಇಷ್ಟು ವರ್ಷ ನನ್ನ ದುಡ್ಡು ನಾನೇ ಎಣಿಸಿದೀನಿ ಕಣೋ. ಇನ್ನೊಬ್ಬರ ಕಣ್ಣಲ್ಲಿ ಎಣಿಸೋಕೆ ನನಗೆ ಮನಸ್ಸಿಲ್ಲ. ನಾಳೆ ನನ್ನನ್ನ ಆ ದೊಡ್ಡ ಬ್ಯಾಂಕಿನ ಬಾಗಿಲಲ್ಲಿ ಇಳಿಸು.”

ಮೊದಲ ದಿನ ಐದು ಕಿಟಕಿ ಸುತ್ತಿಸಿದರು. ಎರಡನೇ ಸಲ ಅರ್ಜಿ ಬರೆಸಿಕೊಂಡು ಬರಲು ಹೇಳಿದರು. ಮೂರನೇ ಸಲ ಅವಳು ಕಾವಲುಗಾರನ ಪಕ್ಕದ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. ಮಧ್ಯಾಹ್ನ ಮೂರಕ್ಕೆ ನಾಲ್ಕನೇ ಮಹಡಿಯಿಂದ ಕರೆ ಬಂತು.

ಅಲ್ಲಿದ್ದ ಅಧಿಕಾರಿಯೂ ಹೆಂಗಸೇ. ಎಲ್ಲವನ್ನೂ ಕೇಳಿಸಿಕೊಂಡು, “ನಿಮ್ಮ ತಮ್ಮನ ಹೆಸರನ್ನೂ ಖಾತೆಗೆ ಸೇರಿಸಿಬಿಡೋಣ, ಅನುಕೂಲ ಆಗುತ್ತೆ” ಎಂದರು.

ಬೆತ್ತದಕ್ಕ ಸೊಂಟದ ಚೀಲದಿಂದ ಒಂದು ನೋಟು ತೆಗೆದು ಮೇಜಿನ ಮೇಲಿಟ್ಟಳು. “ಮೇಡಂ, ಇದರ ಮೇಲೆ ದೇಶದ ಹೆಸರಿದೆ ಅಂತಾರೆ. ನಾನು ಓದಿಲ್ಲ. ಆದರೆ ಅಂಚಲ್ಲಿ ಗೆರೆ ಇದೆಯಲ್ಲ, ಅದನ್ನ ಹಾಕಿದವರು ಯಾರೋ, ನನ್ನಂಥವಳೂ ಈ ದೇಶದವಳೇ ಅಂತ ನೆನಪಿಟ್ಕೊಂಡಿದ್ರು. ಹೊಸದು ಮಾಡುವಾಗ ನೀವು ಮರೆತಿದ್ದೀರಿ. ಅಷ್ಟೇ ನನ್ನ ದೂರು.”

ಅಧಿಕಾರಿ ಕಣ್ಣು ಮುಚ್ಚಿ ನೋಟಿನ ಅಂಚನ್ನು ಮುಟ್ಟಿ ನೋಡಿದರು. “ಹೊಸ ಹಣವನ್ನ ಪರೀಕ್ಷೆ ಮಾಡುವಾಗ ಕಣ್ಣಿಲ್ಲದವರು ಯಾರೂ ಇರಲಿಲ್ಲ” ಎಂದು ಒಪ್ಪಿಕೊಂಡರು.

“ಈಗ ನಾನಿದೀನಲ್ಲ” ಎಂದಳು ಬೆತ್ತದಕ್ಕ.

ಕಣ್ಣಿಲ್ಲದವರೂ ಬಳಸಬಹುದಾದ ಉಪಕರಣ ಬರುವವರೆಗೂ ನೋಟು ನಿಲ್ಲಿಸಬಾರದೆಂದು ಬ್ಯಾಂಕಿನಿಂದ ಸಮಿತಿಗೆ ಪತ್ರ ಹೋಯಿತು. ಅದನ್ನು ಪರೀಕ್ಷಿಸಿ ಹೇಳಲು ಬೆತ್ತದಕ್ಕ ಪ್ರತಿ ಮಂಗಳವಾರ ಅಂಗಡಿ ಮುಚ್ಚಿ ನಾಲ್ಕನೇ ಮಹಡಿ ಹತ್ತತೊಡಗಿದಳು. ಬ್ಯಾಂಕಿನ ಎಂಜಿನಿಯರುಗಳು ಮೊದಲು ಕೊಟ್ಟ ಉಪಕರಣ ಸೋಪಿನಂತೆ ನುಣ್ಣಗಿತ್ತು. ತಲೆ ಯಾವುದು, ಬಾಲ ಯಾವುದು ತಿಳಿಯಲಿಲ್ಲ. ಎರಡನೆಯದು ಹಣ ಬಂದಾಗ ಕೈಯಲ್ಲಿ ನಡುಗುತ್ತಿತ್ತು. “ನೂರಕ್ಕೂ ನಡುಗುತ್ತೆ, ಸಾವಿರಕ್ಕೂ ನಡುಗುತ್ತೆ. ಇದಕ್ಕೆ ದುಡ್ಡು ಬಂದಿದೆಯೋ ಚಳಿಜ್ವರ ಬಂದಿದೆಯೋ ಹೇಗೆ ಹೇಳಲಿ?” ಎಂದು ಅದನ್ನೂ ವಾಪಸು ಮಾಡಿದಳು. ಅವರು ನಕ್ಕರು, ಮತ್ತೆ ಕೂತು ಕೆಲಸ ಮಾಡಿದರು. ಹನ್ನೊಂದು ತಿಂಗಳು ಹಿಡಿಯಿತು.

ಕೊನೆಗೆ ಬಂದದ್ದು ಅಂಗೈಯಗಲದ, ಮುಂಬದಿಯಲ್ಲಿ ಒತ್ತುವ ಗುಂಡಿಗಳಿದ್ದ ಉಪಕರಣ. ಬಂದ ಮೊತ್ತದ ಅಂಕಿಗಳು ಅದರ ಬೆನ್ನ ಮೇಲೆ ಬೆರಳಿಗೆ ತಿಳಿಯುವ ಉಬ್ಬುಚುಕ್ಕಿಗಳಾಗಿ ಏಳುತ್ತಿದ್ದವು. ಬ್ಯಾಂಕಿಗೆ ಹಣ ತಲುಪಿದ ಹೊರತು ಒಂದು ಚುಕ್ಕಿಯೂ ಏಳುತ್ತಿರಲಿಲ್ಲ. ಯಾರ ನಕಲಿ ದನಿಯೂ ಅದನ್ನು ಏಮಾರಿಸುವಂತಿರಲಿಲ್ಲ. ಆರು ಕುರ್ಚಿಯ ಹಣ ಮಾತ್ರ ಹೋದದ್ದು ಹೋಯಿತು. ಆ ಗಿರಾಕಿ ಸಿಗಲೇ ಇಲ್ಲ.

ಉಪಕರಣ ಕೈಗಿಡುತ್ತಾ ಅಧಿಕಾರಿ ಕೇಳಿದರು: “ಮುಂದೆ ನೋಟು ಅಚ್ಚು ಹಾಕೋದೇ ನಿಲ್ಲಬಹುದು. ಬೇಜಾರಿಲ್ವಾ?”

“ಕಾಗದ ಹೋದ್ರೆ ಹೋಗ್ಲಿ, ಮೇಡಂ. ನನ್ನ ದುಡ್ಡು ನನ್ನ ಕೈಗೆ ತಿಳಿದ್ರೆ ಸಾಕು” ಎಂದು ಅವಳು ಗುಂಡಿಗಳನ್ನು ಮತ್ತೊಮ್ಮೆ ಸವರಿದಳು. “ಆದರೆ ಈ ಗುಂಡಿ ತೀರಾ ಚಿಕ್ಕದಾಯ್ತು. ನಮ್ಮ ಮಾರ್ಕೆಟ್ಟಲ್ಲಿ ಮೂಟೆ ಹೊರೋ ಒಬ್ಬರು ಮುದುಕರಿದಾರೆ, ಅವರಿಗೂ ಕಣ್ಣು ಮಂಜು. ಅವರ ಬೆರಳು ಇಟ್ಟರೆ ಒಂದೇ ಸಲ ಮೂರು ಗುಂಡಿ ಒತ್ತುತ್ತೆ. ಬರೋ ಮಂಗಳವಾರ ಅವರನ್ನೇ ಕರ್ಕೊಂಡು ಬರ್ತೀನಿ.”