ಹೊಳೆಯಷ್ಟು ಅಗಲದ ಕಥೆ

ರಾಯಬಾಗ ತಾಲ್ಲೂಕಿನಲ್ಲಿ ಕೃಷ್ಣೆ ಬಾಗುವ ಕಡೆ ಇರುವ ನಮ್ಮ ಪೇಟೆಯ ಇತಿಹಾಸವನ್ನು ಅಂಬಿಗ ಸಿದರಾಯ ಅಪ್ಪನ ದೋಣಿಯಲ್ಲೇ ಕಲಿತಿದ್ದ. ಆಚೆ ದಂಡೆಯ ಯಾತ್ರಿಕರನ್ನು ಹತ್ತಿಸಿಕೊಂಡು ಹೊರಟಾಗ ನೀರಲ್ಲಿ ಅರ್ಧ ಮುಳುಗಿದ ಮಂಟಪದ ಕಥೆ, ನಡುಹೊಳೆಯಲ್ಲಿ ಕೋಟೆಯ ಬುರುಜಿನದು, ದಂಡೆ ಹತ್ತಿರವಾದಾಗ ಘಾಟು ಕಟ್ಟಿಸಿದ ದೇಸಾಯರ ಸೊಸೆಯದು. ಬೇಸಿಗೆಯಲ್ಲಿ ಹೊಳೆ ಕಿರಿದಾದರೆ ಕಥೆಯೂ ಕಿರಿದು. ಮಳೆಗಾಲದ ಅಗಲ ನೀರಿಗೆ ಒಂದು ಯುದ್ಧವೂ ಸೇರುತ್ತಿತ್ತು. ದೋಣಿ ನೂಕುವ ಗಳ ಹಾಕುತ್ತಾ ಕಥೆ ಹೇಳುವುದು ಆ ಮನೆತನದ ರೂಢಿ.

೧೯೯೨ರಲ್ಲಿ ಸೇತುವೆಯಾಯಿತು, ದೋಣಿಗೆ ಜನ ಬರುವುದು ನಿಂತಿತು. ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ವಖಾರದಲ್ಲಿ ಕೆಲಸವಿದೆ, ಹೋಗೋಣ ಎಂದು ಹೆಂಡತಿ ತಾರವ್ವ ಗಂಟು ಕಟ್ಟತೊಡಗಿದಳು. ಹೊಳೆ ಬಿಟ್ಟು ಹೋಗಲು ಸಿದರಾಯನಿಗೆ ಮನಸ್ಸಿರಲಿಲ್ಲ. ಅಷ್ಟರಲ್ಲಿ ಗುಡಿಯ ಕಮಿಟಿಯ ತವನಪ್ಪ ಹೇಳಿ ಕಳಿಸಿದ: "ಊರು ತೋರಸಾಕ ಒಬ್ಬ ಬೇಕಾಗ್ಯಾನ. ಐತವಾರ ಬಸ್ಸಿನ ಮಂದಿ ಬರತೈತಿ. ಛಲೋ ಹೇಳಿದರ ಕೆಲಸ ನಿಂದು."

ಐತವಾರ ಅವನು ಮಂದಿಯನ್ನು ಬಸ್‌ಸ್ಟ್ಯಾಂಡಿನಿಂದ ನಡೆಸಿಕೊಂಡು ಹೊರಟ. ಮೊದಲು ಸಿಕ್ಕದ್ದೇ ಬುರುಜು. ಮಂಟಪ ದಾಟದೆ ಬುರುಜಿನ ಮಾತು ಬರಲಿಲ್ಲ. ಖಾಲಿ ಕೈಗಳು ಗಳಕ್ಕಾಗಿ ಗಾಳಿಯಲ್ಲಿ ತಡಕಾಡಿದವು.

"ಯಪ್ಪಾ, ಮೌನ ಹಿಡದೀಯೇನೋ?" ಯಾತ್ರಿಕರ ಪೈಕಿ ಅಕ್ಕುತಾಯಿ ಎಂಬ ಮುದುಕಿ ಕೇಳಿದಳು.

"ಹೇಳಲೇ, ಬಾಯಾಗ ಎಲಿ ತುಂಬಕೊಂಡೀಯೇನು?" ತವನಪ್ಪ ಸಿಡುಕಿದ.

"ಸಾವಕಾರ್ರ, ದೋಣ್ಯಾಗ ಕುಂದರಸ್ತೀನ್ರಿ."

"ಅದು ತೂತು ಬಿದ್ದೈತಲ್ಲೋ!"

"ಹೊಳಿಗೆ ಬಿಡೂದಿಲ್ರಿ, ದಂಡಿಗೆ ಕಟ್ಟೇ ಇರತೈತ್ರಿ."

ಎಲ್ಲರೂ ನಗುತ್ತಲೇ ಹತ್ತಿದರು. ಸಿದರಾಯ ಗಳವನ್ನು ಕೆಸರಿಗೆ ಊರಿದ. ದೋಣಿ ಅಲುಗಲಿಲ್ಲ, ಕಥೆ ಹೊರಟಿತು. ಮಂಟಪ ಮುಗಿಯಿತು, ಬುರುಜು ಬಂತು. ಮಳೆಗಾಲದ ಯುದ್ಧದ ನಡುವೆ ಬಸ್ಸಿನ ಹಾರ್ನ್ ಕೇಳಿಸಿತು. ಮಂದಿ ದಡಬಡಿಸಿ ಇಳಿದರು.

"ಯಾರು ಗೆದ್ದರೋ ಯಪ್ಪಾ?" ಅಕ್ಕುತಾಯಿ ಹೋಗುತ್ತಾ ಕೂಗಿ ಕೇಳಿದಳು. ಉತ್ತರಕ್ಕೆ ನಿಲ್ಲಲಿಲ್ಲ.

ತವನಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ಕೆಲಸ ನಿಂದ. ಆದರ ಬಸ್ಸಿನವರಿಗೆ ಇಷ್ಟು ಹೊತ್ತಿಲ್ಲೋ. ಇನ್ನ ಮ್ಯಾಲ ಬ್ಯಾಸಗಿದಷ್ಟ ಹೇಳು."

"ಹೂಂನ್ರಿ."

ಹೊಳೆ ಆಗ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಮನೆಗೆ ಬಂದು ಸಿದರಾಯ ಹೊಸ್ತಿಲ ಮೇಲೆ ಕುಳಿತ. ಕಟ್ಟಿದ ಗಂಟು ಬಿಚ್ಚಲು ಹೇಳಿದ. ತಾರವ್ವ ಖುಷಿಯಿಂದ ನೀರು ತಂದುಕೊಟ್ಟು ಅವನ ಮುಖ ನೋಡಿದಳು.

"ಕೆಲಸ ಸಿಕ್ಕೈತಿ, ಮತ್ತ ಮಾರಿ ಯಾಕ ಹಿಂಗ?"

"ದಣದೀನಿ."

"ದೋಣಿ ದಂಡಿ ಬಿಟ್ಟಿಲ್ಲ ಅಂತಾರ, ದಣಿವು ಎಲ್ಲಿಂದ ಬಂತ್ರಿ?"

ಅವನು ತಂಬಿಗೆ ಎತ್ತಿ ನೀರು ಕುಡಿದ.