ಮದುಮಗನ ಕತ್ತಿಗೆ ಎಷ್ಟು ಗೇಣು?

ಹರಿತವಾದ ವಸ್ತುಗಳಲ್ಲಿ ನನಗೆ ಭಯವಿರುವುದು ಕ್ಷೌರದ ಬ್ಲೇಡಿನದೊಂದೇ. ಉಳಿದಂತೆ ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಚಾಕು-ಚೂರಿಗಳು ಮನುಷ್ಯರ ಜೊತೆಗೇ ಓಡಾಡುತ್ತವೆ: ಕುರಿ ಕಾಯುವವರ ಸೊಂಟದಲ್ಲಿ, ಎಳನೀರಿನವರ ಗಾಡಿಯಲ್ಲಿ, ಮುದುಕಿಯರ ಎಲೆ-ಅಡಿಕೆ ಚೀಲದಲ್ಲಿ. ಅವನ್ನು ಯಾರೂ ಆಯುಧ ಎನ್ನುವುದಿಲ್ಲ, ಚುನಾವಣೆ ಬರುವವರೆಗೆ.

ನನ್ನ ತಂಗಿಯ ಮಗ ಬಸವರಾಜನ ಮದುವೆ ಅಂಥ ದಿನಗಳಲ್ಲೇ ಕೂಡಿಬಂತು. ಹೆಣ್ಣು ಕೂಡ್ಲಿಗಿಯವಳು. ಹಲವಾಗಲಿನಿಂದ ಟೆಂಪೋದಲ್ಲಿ ಹೊರಟೆವು. ಮದುಮಗನ ಕೈಯಲ್ಲಿ ವಾಡಿಕೆಯಂತೆ ಕತ್ತಿ, ಕತ್ತಿಯ ತುದಿಗೆ ಲಿಂಬೆಹಣ್ಣು. ಕೆಟ್ಟ ದೃಷ್ಟಿ ತಾಗದಿರಲೆಂದು ಅರಿಶಿಣ ಹಚ್ಚಿದ ಗಳಿಗೆಯಿಂದ ತಾಳಿ ಕಟ್ಟುವವರೆಗೆ ಅದು ಅವನ ಕೈ ಬಿಡಬಾರದು. ಇದು ನಮ್ಮವ್ವನ ಕಾನೂನು.

ಕೊಟ್ಟೂರು ದಾಟುತ್ತಿದ್ದಂತೆ ಚೆಕ್‌ಪೋಸ್ಟಿನಲ್ಲಿ ಇನ್ನೊಂದು ಕಾನೂನು ಅಡ್ಡ ನಿಂತಿತ್ತು. ಪೇದೆಯೊಬ್ಬ ಒಳಗೆ ಇಣುಕಿದ. ಬಸವರಾಜ ಗಾಬರಿಯಲ್ಲಿ ಕತ್ತಿಯನ್ನು ಶಲ್ಯದೊಳಗೆ ಸರಿಸಿದ. ಅದೇ ತಪ್ಪಾಯಿತು. ಕೈಯಲ್ಲಿದ್ದಾಗ ಶಾಸ್ತ್ರವಾಗಿದ್ದದ್ದು ಶಲ್ಯದೊಳಗೆ ಹೋದೊಡನೆ ಬಚ್ಚಿಟ್ಟ ಆಯುಧವಾಗಿಬಿಟ್ಟಿತು.

ಸಬ್‌ಇನ್ಸ್‌ಪೆಕ್ಟರ್ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊಬೈಲಿನಲ್ಲಿ ಓದಿ ಅರ್ಧ ವಕೀಲನಾಗಿದ್ದ ನಾನು ಮುಂದಾದೆ. "ಮೇಡಂ, ಅಲಗು ಒಂಬತ್ತು ಇಂಚು ದಾಟಿದ್ರಷ್ಟ ಆಯುಧ. ಅಡಿಗಿಮನಿದು, ಹೊಲದ್ದು ಆದ್ರ ಅದಕ್ಕೂ ವಿನಾಯಿತಿ ಐತಿ."

"ಇದು ಅಡಿಗಿಮನಿದಾ, ಹೊಲದ್ದಾ?"

ಮದುವೆಯ ಕತ್ತಿ ಎರಡಕ್ಕೂ ಸೇರದು. ಸರಿ, ಅಳತೆಗೆ ಇಳಿದೆ. ಒಂಬತ್ತು ಇಂಚೆಂದರೆ ಹಿರಿಯರ ಲೆಕ್ಕದಲ್ಲಿ ಒಂದು ಗೇಣು. ನನ್ನ ಗೇಣಿಟ್ಟರೆ ಕತ್ತಿಯ ತುದಿ ಹೊರಗೆ ಇಣುಕಿತು. ಬಸವರಾಜನ ಗೇಣಿಗೆ ಒಳಗೇ ಉಳಿಯಿತು.

"ಯಾರ ಗೇಣು ಅಂತ ಕಾನೂನಿನಾಗ ಬರದಿಲ್ಲ ಸರ್," ಎಂದರು ಅವರು. ತುಟಿಯ ಅಂಚಿನಲ್ಲಿ ನಗು ಬಂದು ಹೋಯಿತು. "ಹೆಂಗಾರ ಇರ್ಲಿ, ಎಲೆಕ್ಷನ್ ಟೈಮಿನಾಗ ಬಿಡಾಕ ಬರಲ್ಲ. ಕತ್ತಿ ಇಲ್ಲಿರ್ಲಿ, ಬರುವಾಗ ತಗೊಂಡು ಹೋಗ್ರಿ."

"ಕತ್ತಿ ಬಿಟ್ಟು ಮದುಮಗ ಒಂದು ಹೆಜ್ಜಿ ಇಡಂಗಿಲ್ಲ," ಎಂದು ಅವ್ವ ಟೆಂಪೋದ ಬಾಗಿಲಲ್ಲೇ ಕುಳಿತಳು. ಮುಹೂರ್ತ ಹತ್ತಿರವಾಗುತ್ತಿತ್ತು. ತಂಗಿಯ ಕಣ್ಣಲ್ಲಿ ನೀರು. ಅವ್ವನ ಹಟ ನನಗೆ ಗೊತ್ತು. ಅದರ ಮುಂದೆ ಯಾವ ಕತ್ತಿಯೂ ಮೊಂಡು.

ಅಷ್ಟರಲ್ಲಿ ಬಸವರಾಜನ ಫೋನು ಬಡಿದುಕೊಂಡಿತು. ಮದುಮಗಳು ರೂಪಾ. ಒಂದು ಕೈಯಲ್ಲಿ ಕತ್ತಿ ಇದ್ದುದರಿಂದ ಅವನು ಸ್ಪೀಕರ್ ಒತ್ತಿದ.

"ಎಲ್ಲಿದ್ದೀರಿ?"

"ಕೊಟ್ಟೂರು ದಾಟಿ... ಪೊಲೀಸ್ರು ಕತ್ತಿ ಹಿಡದಾರ."

"ನಿಮ್ಮನ್ನೇನು ಹಿಡದಿಲ್ಲಲ್ಲ?"

"ಇಲ್ಲ."

"ಹಂಗಾರ ಅದನ್ನ ಅಲ್ಲೇ ಬಿಟ್ಟು ನೀವು ಬರ್ರಿ. ನಾನು ಮದುವಿ ಆಗಾಕತ್ತಿದ್ದು ಕತ್ತಿನೇನು?"

ಟೆಂಪೋದಲ್ಲಿದ್ದ ಎಲ್ಲರ ಕಣ್ಣು ಅವ್ವನ ಮೇಲೆ. ಅವಳು ಒಮ್ಮೆ ಕೂಡ್ಲಿಗಿಯ ರಸ್ತೆಯತ್ತ ನೋಡಿದಳು. ಆಮೇಲೆ ಎದ್ದು, ಕತ್ತಿಯ ತುದಿಯಿಂದ ಲಿಂಬೆಹಣ್ಣು ಕಿತ್ತು ಮೊಮ್ಮಗನ ಅಂಗೈಯಲ್ಲಿಟ್ಟಳು.

"ದೃಷ್ಟಿ ಕಳಿಯೋದು ಲಿಂಬಿಹಣ್ಣು. ಕತ್ತಿ ಅದಕ್ಕ ಹಿಡಿಕಿ ಅಷ್ಟ. ನಡಿ, ಹುಡುಗಿ ಗಟ್ಟಿ ಅದಾಳ."

ಮಂಟಪದಲ್ಲಿ ಲಿಂಬೆಹಣ್ಣೊಂದನ್ನೇ ಹಿಡಿದು ನಿಂತ ಮದುಮಗನನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಾಳಿ ಕಟ್ಟುವಾಗ ಅವನ ಎರಡೂ ಕೈ ಆರಾಮವಾಗಿದ್ದವು. ಇಷ್ಟು ವರ್ಷ ಕತ್ತಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗಂಟು ಹಾಕಲು ಒದ್ದಾಡಿದ ನಮ್ಮ ಮನೆಯ ಗಂಡಸರೆಲ್ಲ ನೆನಪಾದರು. ಆ ಸಾಲಿನಲ್ಲಿ ನಾನೂ ಇದ್ದೇನೆ.

ಮರುದಿನ ರೂಪಾಳನ್ನು ಕರೆದುಕೊಂಡು ಹಿಂದಿರುಗುವಾಗ ಅದೇ ಮೇಡಂ ಕತ್ತಿಯನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. ಅವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ನಿನಗ ಮದುವಿ ಆಗೈತೇನವಾ?"

"ಎಲೆಕ್ಷನ್ ಮುಗಿದ ಮ್ಯಾಲೆ, ಅಜ್ಜಿ." ಮೊದಲ ಬಾರಿಗೆ ಅವರ ಮುಖ ನಾಚಿತು.

"ನಿಮ್ಮಾಗೂ ಮದುಮಗ ಕತ್ತಿ ಹಿಡಿತಾನೇನು?"

"ಹಿಡಿತಾರಜ್ಜಿ. ನಮ್ಮ ಹುಡುಗ ಭಾಳ ಸಾಧು, ಮೇಷ್ಟ್ರು. ನಾನೇ ಹಿಡ್ಕೋಬೇಕು ಅಂತ ಮಾಡೀನಿ."

ಅವ್ವನಿಗಿಂತ ಮೊದಲು ನಕ್ಕವಳು ರೂಪಾ.